ಬೆಳಕು ತಿನ್ನುವ ಕಲ್ಲು

"ಯಾರವ್ವ ಇಲ್ಲಿ ಕನ್ನಡಿ ಮಡಗಿರೋರು? ಕಣ್ಗೆ ಚುಚ್ತಾ ಅದೆ. ಎತ್ರಿ ಅತ್ಲಾಗೆ!"

ಅಂಗಳದಲ್ಲಿ ನಿಂತು ಕೂಗಿದ ಪುಟ್ಟಮಲ್ಲಮ್ಮ, ಯಾರೂ ಬರದಿದ್ದಾಗ ತಾನೇ ಆ ಬೀರುವಿನ ಕನ್ನಡಿಯನ್ನು ಎರಡು ತೋಳಲ್ಲೂ ಅವುಚಿಕೊಂಡು ಎತ್ತಿ, ಅದರ ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿದಳು. ಅಲ್ಲಿಯವರೆಗೆ ಒಳಕೋಣೆಯ ಬಾಗಿಲೊಳಗೆ ಬಿದ್ದಿದ್ದ ಬಿಸಿಲಿನ ಚೌಕ ಪಕ್ಕನೆ ಇಲ್ಲವಾಯಿತು.

ಪಡಸಾಲೆಯಲ್ಲಿ ಗಂಡಸರು ಅವಳ ತಮ್ಮ ಸದಾಶಿವಪ್ಪನನ್ನು ಕೂಡಿಸುವ ಗಡಿಬಿಡಿಯಲ್ಲಿದ್ದರು. ಶಿವಾಚಾರದ ಮನೆಯಲ್ಲಿ ಸತ್ತವರೂ ಕೂತೇ ಹೋಗಬೇಕು. ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಕತ್ತು ವಾಲದ ಹಾಗೆ ಬಿಳಿ ಬಟ್ಟೆ ಬಿಗಿದರು. ಆರು ತಿಂಗಳು ಹಾಸಿಗೆಯಲ್ಲಿ ಬಿದ್ದಿದ್ದ ಮನುಷ್ಯ ಈಗ ನೆಟ್ಟಗೆ ಕೂತು, ಬಂದವರನ್ನೆಲ್ಲ ಎದುರುಗೊಳ್ಳುವವನ ಹಾಗೆ ಕಾಣುತ್ತಿದ್ದ.

ಅವನ ಮೊಣಕಾಲ ಬಳಿ ಕೂತಿದ್ದ ಹೆಂಡತಿ ಚನ್ನಾಜಮ್ಮ ಒಳಕೋಣೆ ಕತ್ತಲಾದದ್ದನ್ನು ನೋಡಿದಳು. ಏಳಬೇಕೆಂದು ನೆಲಕ್ಕೆ ಕೈಯೂರಿದಳು. ಎದುರಿಗೆ ಹನೂರಿನ ಬೀಗಿತ್ತಿ ಮಹಾಲಕ್ಷ್ಮಮ್ಮ ಕಂಬಕ್ಕೆ ಒರಗಿ ಕೂತು ಇವಳನ್ನೇ ನೋಡುತ್ತಿದ್ದಳು. ಊರಿದ ಕೈಯನ್ನು ಚನ್ನಾಜಮ್ಮ ಮೆಲ್ಲನೆ ಮಡಿಲಿಗೆ ಎಳೆದುಕೊಂಡಳು. ಗಂಡನ ಹೆಣ ಮುಂದಿರುವಾಗ ಎದ್ದುಹೋಗಿ ಕನ್ನಡಿ ತಿರುಗಿಸುವ ಹೆಂಗಸನ್ನು ಯಾರು ತಾನೇ ನೆಟ್ಟಗಿದ್ದಾಳೆ ಎಂದಾರು?

ಜಗುಲಿಯ ಮೇಲೆ ಗಂಡಸರ ಮಾತು ಶುರುವಾಗಿತ್ತು. ಸದಾಶಿವಪ್ಪನ ಅಂಗಡಿಯ ಪಕ್ಕದಲ್ಲೇ ಸೀರೆ ವ್ಯಾಪಾರ ಮಾಡುವ ಪುಟ್ಟಮಾದಪ್ಪ ಮೂಗು ಒರೆಸಿಕೊಂಡು ಹೇಳುತ್ತಿದ್ದ.

"ಈ ಕೊಳ್ಳೇಗಾಲ್ದಲ್ಲಿ ಇವ್ನ ಗ್ಯಾಸ್‌ಲೈಟ್ ಇಲ್ದೆ ಯಾವ್ ಮದ್ವೆ ಆಗ್ಯದೆ ಏಳಿ? ನನ್ ಮದ್ವೇಲಿ ಮಳೆ ಬಂದು ಎಲ್ಲಾ ಆರೋದೋ. ಒಂದೊಂದ್ಕೂ ಬಟ್ಟೆ ಮುಚ್ಕಂಡು, ಮ್ಯಾಂಟಲ್ ಕಟ್ಟಿ, ಪಂಪ್ ಒಡ್ದು, ಮುಹೂರ್ತಕ್ಕೆ ಮೊದ್ಲೇ ಹತ್ತಿಸ್ಬುಟ್ಟ. ಬಲೇ ನಿಗಾ ಮನ್ಸ."

"ಊ ಕಣಪ್ಪಾ, ನಿಗಾನೇ," ಎಂದ ಇನ್ನೊಬ್ಬ. "ಪಾಚಿಗೂ ಅಷ್ಟೇ ನಿಗಾ."

ಯಾರೋ ಫಕ್ಕನೆ ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದರು. ಆ ಕೆಮ್ಮು ಒಳಗೆ ಕೂತಿದ್ದ ಚನ್ನಾಜಮ್ಮನಿಗೂ ಕೇಳಿಸಿತು. ಕಿವಿ ಕಾದುಹೋಯಿತು. ಗಂಡ ಸತ್ತ ದುಃಖದ ಜೊತೆಗೆ ಈ ಹಾಳು ನಾಚಿಕೆಯೂ ಬಂದು ಪಕ್ಕದಲ್ಲಿ ಕೂತುಬಿಟ್ಟಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

*

ಎಲ್ಲ ಶುರುವಾದದ್ದು ರಾಮೇಶ್ವರದಿಂದ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿದ್ದ ಕಾಲ. ಬೀದಿಯವರೆಲ್ಲ ಸೇರಿ ಯಾತ್ರೆ ಹೊರಟಾಗ ಸದಾಶಿವಪ್ಪನೂ ಹೋದ. ಮಿಕ್ಕವರು ದೇವರ ದರ್ಶನ ಮಾಡಿಕೊಂಡು ಶಂಖ, ಕವಡೆ ತಂದರೆ, ಇವನು ಒಂದು ಸುದ್ದಿ ತಂದ. ಪಾಂಬನ್ ಹತ್ತಿರ ದೋಣಿಯಲ್ಲಿ ಹೋಗುವಾಗ ದೋಣಿಯವನು ಕೆಳಗೆ ನೋಡು ಎಂದನಂತೆ. ತಿಳಿನೀರಿನ ತಳದಲ್ಲಿ ಹವಳದ ಗಿಡಗಳು. ಗಿಡವಲ್ಲ, ಕಲ್ಲೂ ಅಲ್ಲ, ಜೀವ. ಬಿಸಿಲು ತಿಂದು ಬೆಳೆಯುತ್ತದೆ ಎಂದು ಅವನು ತಮಿಳಿನಲ್ಲಿ ಹೇಳಿದನಂತೆ.

"ಬೆಳಕು ತಿಂತದಂತೆ ಕಣೇ ಚನ್ನಿ! ನಾನು ಇಷ್ಟ್ ವರ್ಷ ಊರ್ಗೆಲ್ಲ ಬೆಳಕು ಬಾಡ್ಗೆಗ್ ಕೊಟ್ಟೆ. ಅದ ತಿನ್ನೋರು ಇದ್ದಾರು ಅಂತ ಗೊತ್ತೇ ಇರ್ನಿಲ್ಲ."

"ತಿನ್ಲಿ ಬುಡಿ. ನೀವ್ ಮೊದ್ಲು ರಾಗಿ ತಕ್ಕೊಂಡ್ ಬನ್ನಿ," ಎಂದಿದ್ದಳು ಇವಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಬೇಸಗೆಯಲ್ಲಿ ಯಳಂದೂರಿನ ಕಡೆ ಅಗರಕ್ಕೆ, ಇವಳ ತವರಿಗೆ ಹೋದಾಗ, ಸುವರ್ಣಾವತಿ ಹೊಳೆಯಲ್ಲಿ ಕಾಲು ತೊಳೆಯಲು ಇಳಿದವನು ಅಲ್ಲಿಂದಲೇ ಕೂಗಿದ. ನೀರೊಳಗಿನ ಒಂದು ಕಲ್ಲಿನ ಮೇಲೆ ಹಸುರಾದದ್ದೇನೋ ಬೆಳೆದಿತ್ತು. ಮಗುವಿನ ಬೆರಳುಗಳ ಹಾಗೆ ಮೇಲೆದ್ದಿತ್ತು. ಮೈತುಂಬ ಸಣ್ಣ ಸಣ್ಣ ತೂತು. ಮುಟ್ಟಿದರೆ ಕೈ ನವೆ. ಹೊಳೆಗೆ ಬಟ್ಟೆ ತಂದಿದ್ದ ಹೆಂಗಸರು ಅದು ಪಾಚಿ ಎಂದರು. ಇವನು ಹವಳ ಎಂದ. ಸಮುದ್ರದ್ದು ಉಪ್ಪುನೀರಿನ ಹವಳ, ಇದು ಹೊಳೆಯ ಹವಳ ಎಂದು ತಾನೇ ಹೆಸರಿಟ್ಟ. ನೀರು ತುಂಬಿದ ಕೊಳದಪ್ಪಲೆಯಲ್ಲಿ ಕಲ್ಲನ್ನು ಮುಳುಗಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ತಂದ. ಬಸ್ಸು ಕುಲುಕಿದಾಗೆಲ್ಲ ಪಕ್ಕದವರ ಪಂಚೆ ಒದ್ದೆ. ಚನ್ನಾಜಮ್ಮ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡಿಕೊಂಡು, ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕೂತಿದ್ದಳು.

ಹಳೇ ಷೋಕೇಸಿನ ಗಾಜು ಕತ್ತರಿಸಿ, ತಗಡಿನ ಚೌಕಟ್ಟಿಗೆ ಕೂಡಿಸಿ ತೊಟ್ಟಿ ಮಾಡಿದ. ಮೊದಲು ಅದನ್ನು ಅಂಗಳದ ಬಿಸಿಲಲ್ಲೇ ಇಟ್ಟ. ನೀರು ಕಾದು, ಕಲ್ಲಿನ ಮೇಲಿದ್ದದ್ದು ಬೆಂದು, ಮನೆಯೆಲ್ಲ ಗಬ್ಬು. ಮತ್ತೆ ಅಗರಕ್ಕೆ ಹೋಗಿ ಇನ್ನೊಂದು ತಂದ. ಈ ಸಲ ಗಾಜಿನ ತೊಟ್ಟಿಯನ್ನು ತಂಪಾದ ಒಳಕೋಣೆಯಲ್ಲಿಟ್ಟು, ಅಂಗಳದಲ್ಲಿ ಬೀರುವಿನ ಕನ್ನಡಿ ನಿಲ್ಲಿಸಿ, ಅದರಿಂದ ಬಿಸಿಲನ್ನು ಒಳಕ್ಕೆ ಹೊರಳಿಸಿದ. ಹೊತ್ತು ಸರಿದ ಹಾಗೆ ಕನ್ನಡಿಯನ್ನೂ ಸರಿಸಬೇಕು. ಬೇಸಗೆಯಲ್ಲಿ ಬೆಳಕು ಕಟುವಾದರೆ ನಡುವೆ ತೆಳ್ಳನೆಯ ಪಂಚೆ ಕಟ್ಟಬೇಕು. ಮೋಡ ಮುಚ್ಚಿದರೆ ಗ್ಯಾಸ್‌ಲೈಟ್ ಹತ್ತಿಸಿ, ಕಾವು ತಾಕದಷ್ಟು ದೂರದಲ್ಲಿ ತೂಗುಹಾಕಬೇಕು.

"ಕಮ್ಮಿ ಆದ್ರೆ ಸೊರಗ್ತದೆ. ಎಚ್ಚಾದ್ರೆ ಅದ್ರ ಮೇಲೆ ನಿಜವಾದ ಪಾಚಿ ಬಂದು ಉಸ್ರು ಕಟ್ಟಿಸ್ತದೆ. ಒಟ್ಟೆ ತುಂಬ ಉಣ್ಣಿಸ್ಬೇಕು, ಅಜೀರ್ಣ ಆಗ್ಬಾರ್ದು," ಎನ್ನುತ್ತಿದ್ದ.

ಊರಿಗೆ ಇನ್ನೇನು ಬೇಕು! ಗ್ಯಾಸ್‌ಲೈಟ್ ಸದಾಶಿವಪ್ಪ ಹೋಗಿ ಪಾಚಿ ಸದಾಶಿವಪ್ಪನಾದ. ಚನ್ನಾಜಮ್ಮ ಪಾಚಿಯವರ ಹೆಂಡತಿಯಾದಳು. ಬಾವಿಕಟ್ಟೆಯಲ್ಲಿ ಹೆಂಗಸರು "ಇವತ್ತು ಪಾಚಿಗೆ ಏನ್ ಸಾರು?" ಎಂದು ಕೇಳುವರು. ಒಂದು ದಿನ ಅವಳು ಬಿಂದಿಗೆ ಕುಕ್ಕಿ, ಅತ್ತುಕೊಂಡು ಬಂದು ಬೈದಳು. ಅವನು ತಿರುಗಿ ಬೈಯಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಕದಡಿ, ಹುಲ್ಲುಕಡ್ಡಿಯ ತುದಿಯಿಂದ ಒಂದು ಹನಿಯನ್ನು ಆ ಹಸುರು ಬೆರಳುಗಳ ಪಕ್ಕದಲ್ಲಿ ಬಿಟ್ಟ.

"ಈಗ ನೋಡು."

ನೀಲಿ ಮೆಲ್ಲನೆ ಅದರ ಮೈಯೊಳಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲಿನ ತೂತಿನಿಂದ ಹೊಗೆಯ ಹಾಗೆ ಹೊರಗೆ ಬಂತು. ಮತ್ತೆ ಒಳಗೆ, ಮತ್ತೆ ಹೊರಗೆ. ಚನ್ನಾಜಮ್ಮನಿಗೆ ಮೈ ಜುಮ್ಮೆಂದಿತು. ಗಾಜಿಗೆ ಮೂಗು ತಾಗಿಸಿ ನೋಡಿದಳು.

"ಅಯ್ಯೋ ಶಿವನೇ! ಉಸ್ರಾಡ್ತದೆ!"

"ಅದ್ಕೇ ಎಂದೂ ನೀರಿಂದ ಮೇಲಕ್ಕೆ ಎತ್ಬಾರ್ದು. ಆ ತೂತೊಳ್ಗೆ ಗಾಳಿ ಓಯ್ತು ಅಂದ್ರೆ ಮುಗೀತು. ಮತ್ತೆ ಎಷ್ಟ್ ನೀರ್ ಉಯ್ದ್ರೂ ಬದುಕಲ್ಲ."

ಅವಳು ನಂಬಿದಳು. ನಂಬಿದ್ದನ್ನು ಯಾರಿಗೂ ಹೇಳಲಿಲ್ಲ. "ನನ್ಗೆ ತೋರ್ಸುದ್ದು ಯಾರ್ಗೂ ಏಳ್ಬೇಡಿ, ಗಂಡ ಎಂಡ್ತಿ ಇಬ್ರಿಗೂ ಮಂಡೆ ಕೆಟ್ಟದೆ ಅಂದಾರು," ಎಂದು ಅವನಿಂದ ಮಾತು ತೆಗೆದುಕೊಂಡಳು. ಮಾರನೆ ದಿನ ಬಾವಿಕಟ್ಟೆಯಲ್ಲಿ ಪಾಚಿಯ ಮಾತು ಬಂದಾಗ ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಳು.

*

ಮಠದ ಅಯ್ನೋರು ಬಂದರು. ಸದಾಶಿವಪ್ಪನ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ಹೊರಗೆ ಬಾಳೆಕಂದು, ಹೂ ಕಟ್ಟಿದ, ಹೆಣ ಕೂರಿಸಿ ಹೊರುವ ವಿಮಾನ ಸಿದ್ಧವಾಗುತ್ತಿತ್ತು. ಮಗಳು ಶಂಕರಮ್ಮ ಅತ್ತು ಅತ್ತು ಊದಿದ ಮುಖವನ್ನು ತಾಯಿಯ ಹೆಗಲಿಗೆ ಒತ್ತಿಕೊಂಡಿದ್ದವಳು, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಅವ್ವಾ, ಒಳ್ಗೆ ಕತ್ತಲಾಗ್ಬುಟ್ಟದೆ. ಕನ್ನಡಿ ತಿರುಗಿಸ್ಲಾ? ಅಪ್ಪಂಗೆ..."

"ಸುಮ್ಕಿರು. ನಿಮ್ಮತ್ತೆ ನೋಡ್ತಾ ಅವ್ಳೆ."

"ನೋಡ್ಲಿ ಬುಡವ್ವಾ."

"ನಿಂಗೇನ್ ಗೊತ್ತು? ನಾಳಿಕ್ಕೆ ಅದೇ ಮನೇಲಿ ಬಾಳ್ಬೇಕಾದೋಳು ನೀನು. ಸುಮ್ಕಿರು ಅಂದ್ರೆ ಸುಮ್ಕಿರು."

ಅಷ್ಟರಲ್ಲಿ ತಮಟೆ ಜೋರಾಯಿತು. ನಾಲ್ಕು ಜನ ಬಂದು ಸದಾಶಿವಪ್ಪನನ್ನು ಕೂತ ಹಾಗೇ ಎತ್ತಿದರು. ಮನೆಯೆಲ್ಲ ಗೋಳೋ ಎಂದಿತು. ಚನ್ನಾಜಮ್ಮನೂ ಎದೆ ಒಡೆದುಹೋಗುವ ಹಾಗೆ ಅತ್ತಳು. ಅಳುವಿನ ನಡುವೆಯೂ ಅವಳ ಕಣ್ಣು ಒಂದು ಸಲ ಆ ಕತ್ತಲೆ ಕೋಣೆಯ ಕಡೆಗೆ ಹೋಗಿ ಬಂತು.

*

ಶಂಕರಮ್ಮನ ಮದುವೆಯ ಹೊತ್ತಿನಲ್ಲಿ ಆದದ್ದು ಇದು. ಹನೂರಿನ ಗಂಡಿನವರು ಮನೆ ನೋಡಲು ಬರುತ್ತಾರೆಂದಾಗ ಚನ್ನಾಜಮ್ಮ ಗಂಡನಿಗೆ ಹೇಳದೆ ಕನ್ನಡಿಯನ್ನು ಅಟ್ಟಕ್ಕೆ ಸಾಗಿಸಿದಳು. ಗಾಜಿನ ತೊಟ್ಟಿಗೆ ಕಂಬಳಿ ಹೊದಿಸಿ, ಮೇಲೆ ಮೊರ, ಒಂದರಿ ಪೇರಿಸಿ, ಕಾಳಿನ ಪೆಟ್ಟಿಗೆಯ ಹಾಗೆ ಮಾಡಿದಳು. ಅವನು ನೋಡಿದ, ಮಗಳ ಮುಖ ನೋಡಿದ, ಸುಮ್ಮನೆ ಹೊರಗೆ ಹೋದ. ಬಂದವರು ಒಪ್ಪಿದರು. ಒಪ್ಪಿದ ಮೇಲೆ ವೀಳ್ಯಶಾಸ್ತ್ರ, ಆಮೇಲೆ ಚಪ್ಪರ, ನೆಂಟರು. ಮದುವೆ ಮುಗಿಯುವವರೆಗೂ ಕಂಬಳಿ ಹಾಗೇ ಇತ್ತು.

ತೆಗೆದಾಗ ಹಸುರೆಲ್ಲ ಹೋಗಿ ಬೂದಿಯ ಬಣ್ಣ ಉಳಿದಿತ್ತು. ಚನ್ನಾಜಮ್ಮ ಬೈಗುಳಕ್ಕೆ ಕಾದು ನಿಂತಳು. ಒಂದು ಮಾತು ಬೈದಿದ್ದರೆ ಅವಳೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದಳು. ಅವನು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, "ಇನ್ನೂ ಜೀವ ಅದೆ," ಎಂದಷ್ಟೇ ಹೇಳಿದ.

"ಅಂಗಾದ್ರೆ ಕನ್ನಡಿ ತರ್ಲಾ?"

"ಬ್ಯಾಡ. ಉಪಾಸ ಇದ್ದೋರ್ಗೆ ಒಂದೇ ಸಲ ಓಳ್ಗೆ ಇಕ್ತಾರಾ? ಮೊದ್ಲು ಬಾಗ್ಲು ತೆಗ್ದಿಟ್ರೆ ಸಾಕು. ಆಮೇಲೆ ಪಂಚೆ ಕಟ್ಟಿ ಕೊಡವ."

ಹಾಗೆಯೇ ಗಂಜಿ ಕುಡಿಸಿದ ಹಾಗೆ ದಿನಕ್ಕಿಷ್ಟು ಬೆಳಕು ಕೊಟ್ಟು, ಮಳೆಗಾಲದ ಹೊತ್ತಿಗೆ ಮತ್ತೆ ಹಸುರು ಮಾಡಿದ. ಆದರೆ ಒಂದು ಬೆರಳು ಮಾತ್ರ ತಿರುಗಿ ಬೆಳೆಯಲಿಲ್ಲ. ಚನ್ನಾಜಮ್ಮ ಒಳಕೋಣೆಗೆ ಹೋದಾಗೆಲ್ಲ ಮೊಂಡಾದ ಆ ಜಾಗವನ್ನು ನೋಡದ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಊರಿಗೆಲ್ಲ ಕರೆಂಟು ಬಂದು ಗ್ಯಾಸ್‌ಲೈಟ್ ಕೇಳುವವರು ಕಡಿಮೆಯಾದರು. ನಾಡಿಗೆ ಕರ್ನಾಟಕವೆಂದು ಹೆಸರಾದ ವರ್ಷ ಸದಾಶಿವಪ್ಪ ಹಾಸಿಗೆ ಹಿಡಿದ. ಮೊದಲ ದಿನ ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ಕೋಣೆಯ ಕಡೆ ನೋಡಿದ. ಏನೂ ಕೇಳಲಿಲ್ಲ. ಅವಳೇ ಎದ್ದು, "ಈ ದರಿದ್ರದ್ದ ನಾನ್ ಬೇರೆ ನೋಡ್ಬೇಕು," ಎಂದು ಗೊಣಗುತ್ತ ಕನ್ನಡಿ ಸರಿಸಿದಳು. ಆಮೇಲೆ ದಿನವೂ ಸರಿಸಿದಳು. ಬೀದಿ ಬಾಗಿಲಿಗೆ ಅಗಳಿ ಹಾಕಿಯೇ ಸರಿಸುತ್ತಿದ್ದಳು. ಅರ್ಧ ನೀರು ತೆಗೆದು ಅರ್ಧ ಹೊಸದು ಹಾಕುವುದನ್ನೂ, ಪಂಚೆ ಕಟ್ಟುವುದನ್ನೂ ಕಲಿತಳು. ಯಾರಾದರೂ ಕದ ತಟ್ಟಿದರೆ ಕನ್ನಡಿಯ ಮುಂದೆ ನಿಂತು ತಲೆ ಬಾಚುವವಳ ಹಾಗೆ ನಟಿಸುತ್ತಿದ್ದಳು. ಮಲಗಿದ್ದವನು ಅದನ್ನು ಕಂಡು ನಗುತ್ತಿದ್ದ.

"ನೀ ಇದ್ದಿಯಲ್ಲ ಬುಡು," ಎಂದಿದ್ದ ಒಂದು ದಿನ. "ನಂದ್ ಮುಗುದ್ರೂ ಅದ್ಕೆ ಏನೂ ಆಗಲ್ಲ."

*

ವಿಮಾನದ ಹಿಂದೆ ಬೀದಿಯ ತುದಿಯವರೆಗೆ ಹೋದ ಹೆಂಗಸರು ಅಲ್ಲಿಂದ ಮನೆಗೆ ತಿರುಗಿದರು. ಗಂಡಸರು ಮಣ್ಣು ಮಾಡಿ ಬರುವುದರೊಳಗೆ ಮನೆ ತೊಳೆದು, ದೇಹವಿದ್ದ ಜಾಗದಲ್ಲಿ ದೀಪ ಹಚ್ಚಿಡಬೇಕು. ಅವರು ಬಂದು ದೀಪ ನೋಡಿಕೊಂಡೇ ತಮ್ಮ ತಮ್ಮ ಮನೆಗೆ ಹೋಗುವುದು. ತೊಳೆಯುವುದಕ್ಕೆ ಮೊದಲು ಸಾವಿನ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಒಂದು ತೊಟ್ಟೂ ಬಿಡದೆ ಚೆಲ್ಲಬೇಕು. ಆಮೇಲೆ ಪಕ್ಕದ ಮನೆಯವರು ಸೇದಿಕೊಟ್ಟ ನೀರೇ ಬೇಕು. ಇದು ಆ ಬೀದಿಯಲ್ಲಿ ಹಿಂದಿನಿಂದ ನಡೆದು ಬಂದದ್ದು. ಚನ್ನಾಜಮ್ಮ ಎಷ್ಟು ಸಾವಿನ ಮನೆಗಳಲ್ಲಿ ತಾನೇ ನಿಂತು ಚೆಲ್ಲಿಸಿಲ್ಲ! ಆದರೂ ಇವತ್ತು ತನ್ನ ಮನೆಯ ಸರದಿ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಪುಟ್ಟಮಲ್ಲಮ್ಮ ಸೀರೆ ಎತ್ತಿಕಟ್ಟಿದಳು. ಹಂಡೆ, ಗಡಿಗೆ, ಕೊಳದಪ್ಪಲೆ, ದೇವರ ಮುಂದಿನ ಚೊಂಬು, ಒಂದೊಂದೇ ಹಿತ್ತಲಿಗೆ ಹೋಗಿ ಬರಿದಾಗಿ ಬಂದವು. ಕೊನೆಗೆ ಒಳಕೋಣೆಯಿಂದ ಅವಳ ದನಿ ಕೇಳಿಸಿತು.

"ಲೋ ಶಿವನೇ, ಇಲ್ಲಿ ಇನ್ನೂ ಈ ಗಾಜಿನ್ ತೊಟ್ಟಿ ಅದೆಯಲ್ಲ! ಬನ್ರವ್ವ, ಒಬ್ಬುರ್ ಕೈಲಿ ಆಗದಲ್ಲ ಇದು."

ಚನ್ನಾಜಮ್ಮ ಪಡಸಾಲೆಯ ಮೂಲೆಯಲ್ಲಿ ಕೂತಿದ್ದವಳು ದಡಕ್ಕನೆ ಎದ್ದು ಬಾಗಿಲಿಗೆ ಬಂದಳು. ಬೀದಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಒಬ್ಬಳ ತುಟಿಯ ಅಂಚಿನಲ್ಲಿ ನಗೆ ಇತ್ತು. ಮಹಾಲಕ್ಷ್ಮಮ್ಮ ಮುಂದೆ ಬಂದು, ಎತ್ತಲು ಬಗ್ಗಿದ್ದವರಿಗೆ ಕೈ ಅಡ್ಡ ಹಿಡಿದಳು.

"ಇರ್ರವ್ವ ಒಂದ್ ಗಳಿಗೆ. ಚನ್ನಾಜಮ್ನೋರೇ, ಇದ್ರಲ್ಲಿ ಬೀಗ್ರು ಏನೋ ಜೀವ ಸಾಕಿದ್ರಲ್ಲ? ಜೀವ ಇದ್ರೆ ಚೆಲ್ಲದು ಬ್ಯಾಡ. ನೀವೇಳಿ."

ಎಲ್ಲರ ಕಣ್ಣೂ ಚನ್ನಾಜಮ್ಮನ ಮೇಲೆ. ಹೂಂ ಎಂದರೆ ಸಾಕಿತ್ತು. ಆ ನಗೆಯ ತುಟಿ, ನಾಳೆಯ ಬಾವಿಕಟ್ಟೆ, ಹನೂರಿನಲ್ಲಿ ಆಡಿಕೊಳ್ಳುವ ಬಾಯಿಗಳು, ಎಲ್ಲ ಒಟ್ಟಿಗೇ ಅವಳ ಕತ್ತು ಹಿಡಿದವು. ಬೀಗಿತ್ತಿ ತನ್ನನ್ನು ಕೆಣಕಲೆಂದೇ ಕೇಳುತ್ತಿದ್ದಾಳೆ ಎನ್ನಿಸಿತು.

"ಏನಿಲ್ಲ," ಎಂದಳು. "ಬರೀ ಪಾಚಿ."

"ಅವ್ವಾ!" ಎಂದಳು ಶಂಕರಮ್ಮ.

"ಪಾಚಿ ಕಣ್ರಿ. ಚೆಲ್ಲಿ."

ನಾಲ್ವರು ಎತ್ತಿಕೊಂಡು ಹೋದರು. ಹಿತ್ತಲಲ್ಲಿ ನೀರು ದಬದಬನೆ ಸುರಿದ ಸದ್ದು, ಕಲ್ಲು ಉರುಳಿದ ಸದ್ದು ಚನ್ನಾಜಮ್ಮ ನಿಂತಲ್ಲಿಗೇ ಕೇಳಿಸಿತು. ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಮಹಾಲಕ್ಷ್ಮಮ್ಮ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಪಾಪ, ಅವ್ರು ಮಲ್ಗಿದ್ ಮೇಲೆ ಯಾರೂ ನೋಡ್ದೆ ಸತ್ತೋಗಿರ್ಬೇಕು ಬುಡಿ. ಶಂಕ್ರಿ ಬಾಣಂತನಕ್ಕೆ ನಾ ಬಂದಿದ್ನಲ್ಲ, ಆಗ ನಂಗೂ ತೋರ್ಸಿದ್ರು. ಉಸ್ರಾಡೋದ್ನ ಕಣ್ಣಾರೆ ಕಂಡೆ. ನಮ್ಮೂರಲ್ಲಿ ಎಷ್ಟ್ ಜನುಕ್ಕೆ ಏಳಿದ್ದೀನಿ ಗೊತ್ತಾ, ನಮ್ ಬೀಗ್ರು ಕಲ್ಲ ಬದುಕ್ಸವ್ರೆ ಅಂತ."

ಇಷ್ಟು ವರ್ಷ ಚನ್ನಾಜಮ್ಮ ಯಾರ ಕಣ್ಣಿಗೆ ಹೆದರಿ ಬಚ್ಚಿಟ್ಟಿದ್ದಳೋ ಆ ಕಣ್ಣೇ ಅದನ್ನು ನೋಡಿ, ನಂಬಿ, ಹೆಮ್ಮೆಪಟ್ಟಿತ್ತು. ಗಂಡ ಇನ್ನೂ ಮಣ್ಣು ಸೇರಿರಲಿಲ್ಲ. ಅದು ಬರೀ ಪಾಚಿ ಎಂದು ಅವನು ಒಮ್ಮೆಯೂ ಆಡದ ಮಾತನ್ನು ಅವನದೇ ಕೋಣೆಯಲ್ಲಿ ನಿಂತು ತಾನು ಆಡಿದ್ದಳು. ನಾಚಿಕೆಯಿಂದ ಅವಳಿಗೆ ನಿಂತ ನೆಲವೇ ಬೇಡವಾಯಿತು.

ಯಾರೋ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಪಕ್ಕದ ಮನೆಯಿಂದ ತಂದ ನೀರನ್ನು ತಲೆಯ ಮೇಲೆ ಹೊಯ್ದರು. ಕಲ್ಲು ಅಲ್ಲೇ, ಬಚ್ಚಲ ಮೋರಿಯ ಆಚೆ, ನುಗ್ಗೆಮರದ ಬುಡದ ಬರಿ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅಡ್ಡಬಿಸಿಲು ಅದರ ಮೇಲೆ ನೇರವಾಗಿ ಸುರಿಯುತ್ತಿತ್ತು.

"ಇನ್ನೊಂದ್ ಚೊಂಬು ಕೊಡ್ರವ್ವ," ಎಂದಳು.

"ಮುಗೀತು ಕಣವ್ವ, ಅಷ್ಟೇ ಇದ್ದದ್ದು. ಏಳು, ದೀಪದ್ ಮುಂದೆ ಕೂತ್ಕೊ. ಗಂಡಸ್ರು ಬರೊ ಒತ್ತಾಯ್ತು," ಎಂದು ಪುಟ್ಟಮಲ್ಲಮ್ಮ ಒಳಗೆ ಹೋದಳು. ಮಿಕ್ಕವರೂ ಅವಳ ಹಿಂದೆ ಹೋದರು.

ದೀಪ ಹಚ್ಚಿದರು. ಮಣ್ಣು ಮಾಡಿದವರು ಬಂದು, ಒಬ್ಬೊಬ್ಬರೇ ಬಾಗಿಲಲ್ಲಿ ಬಗ್ಗಿ ದೀಪ ನೋಡಿ ಕೈ ಮುಗಿದರು. ದೀಪದ ಮುಂದೆ ಶಂಕರಮ್ಮ ಒಬ್ಬಳೇ ಕೂತಿದ್ದಳು.

"ಅತ್ತಿಗಮ್ಮ ಎಲ್ಲಿ?" ಎಂದ ಪುಟ್ಟಮಾದಪ್ಪ.

ಪುಟ್ಟಮಲ್ಲಮ್ಮ ಹಿತ್ತಲ ಬಾಗಿಲಿಗೆ ಓಡಿದಳು. ಗಂಡಸರೂ ಗಾಬರಿಯಿಂದ ಅವಳ ಹಿಂದೆಯೇ ಬಂದು ನಿಂತರು.

"ಲೇ ಚನ್ನಾಜಿ! ಏನೇ ಇದು ನಿನ್ ಅವತಾರ? ಗಂಡಸ್ರು ಬಂದವ್ರೆ, ತಲೆ ಮೇಲೆ ಸೆರಗ್ ಎಳ್ಕೊಳೇ!"

ಒದ್ದೆ ಸೀರೆಯ ಸೆರಗನ್ನು ಚನ್ನಾಜಮ್ಮ ಆ ಕಲ್ಲಿನ ಮೇಲೆ ಹಿಂಡಿ ಮುಗಿಸಿದ್ದಳು. ಇನ್ನು ಅದರಲ್ಲಿ ಒಂದು ಹನಿಯೂ ಇರಲಿಲ್ಲ.

"ಪಾಚಿ ಅಲ್ಲ ಕಣಕ್ಕಾ," ಎಂದಳು ತಿರುಗದೆ. "ಅದು ಪಾಚಿ ಅಲ್ಲ."

ಅಷ್ಟು ಜನರ ಎದುರಿಗೆ ಬರಿದಲೆಯಲ್ಲಿ, ಕುಕ್ಕರಗಾಲಲ್ಲಿ ಕೂತ ಅವಳು ಹಿಂಡಿದ ಸೆರಗನ್ನು ಎರಡು ಕೈಯಲ್ಲೂ ಅಗಲವಾಗಿ ಹಿಡಿದು ಕಲ್ಲಿಗೆ ನೆರಳು ಮಾಡಿದ್ದಳು. ಬಿಸಿಲು ಸರಿದು ಅದರ ಅಂಚನ್ನು ಮುಟ್ಟಿದಾಗೆಲ್ಲ ಅವಳೂ ಕೂತಲ್ಲೇ ಚೂರು ಚೂರು ಸರಿಯುತ್ತಿದ್ದಳು.